ಜಾಗ ಮಿಕ್ಕಿತೆಂದು ಹುಟ್ಟಿದವಳ ಅಹವಾಲು

ಅಥೆನ್ಸಿನ ಕುಂಬಾರಗೇರಿಯಲ್ಲಿ, ದೊಡ್ಡ ಗೂಡಿನ ಪಕ್ಕದ ನೆರಳಿನಲ್ಲಿ ಕುಂಚ ಹಿಡಿದು ಕುಳಿತಿರುವ ಚಿತ್ರಕಾರ ಶ್ರೀಮಾನ್ ದೆಕ್ಸಿಲಾಸ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮ, ತಮ್ಮ ಬೆರಳುಗಳು ಕ್ಷೇಮ, ತಮ್ಮ ಗೂಡಿನ ಬೆಂಕಿ ಹದವಾಗಿದೆ ಎಂದು ನಂಬಿ ಈ ಬಹಿರಂಗ ಪತ್ರವನ್ನು ವಿನಯದಿಂದ ಬರೆಯುತ್ತಿದ್ದೇನೆ. ನನ್ನನ್ನು ತಾವು ಮರೆತಿರುವುದು ಸಹಜ. ಹೋದ ಬೇಸಿಗೆಯಲ್ಲಿ, ಮದ್ಯಕ್ಕೆ ನೀರು ಬೆರೆಸುವ ದೊಡ್ಡ ಬಾನಿಯೊಂದರ ಮೇಲೆ, ವೀರ ಪೇಲೆಯುಸ್ ಕಡಲಕನ್ಯೆ ಥೇತಿಸಳ ಸೊಂಟ ಹಿಡಿದು ಎಳೆಯುವ ಚಿತ್ರ ಬರೆದಿರಲ್ಲ, ಅದರಲ್ಲಿ ಬಲಗಡೆ, ಹಿಡಿಕೆಯ ಕೆಳಗೆ, ಕೈ ಮೇಲೆತ್ತಿಕೊಂಡು ಓಡುತ್ತಿರುವವಳು ನಾನು. ಥೇತಿಸಳ ತಂಗಿ, ಹೆಸರು ನೌಸಿಮೇದೆ.

ಕಡಲ ಮುದುಕ ನೇರೆಯುಸನಿಗೆ ಐವತ್ತು ಹೆಣ್ಣುಮಕ್ಕಳೆಂದು ಹಾಡುವವರು ಹಾಡುತ್ತಾರೆ. ಆ ಐವತ್ತರಲ್ಲಿ ನಾನಿಲ್ಲ. ತಮಗೆ ಹೆಸರು ನೆನಪಿದ್ದ ಅಕ್ಕಂದಿರನ್ನೆಲ್ಲ ಬರೆದ ಮೇಲೂ ಗೇಣು ಜಾಗ ಮಿಕ್ಕಿದ್ದರಿಂದ ತಾವು ಅಲ್ಲೊಬ್ಬಳನ್ನು ಓಡಿಸಿದಿರಿ, ಆಮೇಲೆ ಹೆಸರು ಹೊಳೆಯದೆ ಕುಂಚದ ತುದಿ ಕಚ್ಚುತ್ತ ಕುಳಿತಿರಿ. ಆಗ ತಮ್ಮ ಧರ್ಮಪತ್ನಿ ಫಿಲಿನ್ನಾ ಅವರು ಅಂಗಳದಲ್ಲಿ ಬೇಳೆಗಂಜಿ ಕಲಕುತ್ತಲೇ, "ಏನೋ ಒಂದು ಬರ್ದು ಹಾಕ್ರೀ, ಕುಡಿಯೋರಿಗೆ ಓದೋಕೆ ಪುರುಸೊತ್ತೆಲ್ಲಿರುತ್ತೆ" ಎಂದರು. ಹೀಗೆ ನಾನು ಹುಟ್ಟಿದೆ. ಆ ಮಹಾತಾಯಿಗೆ ನನ್ನ ನಮಸ್ಕಾರ ತಿಳಿಸಿ.

ತಮ್ಮ ಔದಾರ್ಯ ಅಲ್ಲಿಗೇ ನಿಲ್ಲಲಿಲ್ಲ. ನನ್ನ ಹೆಸರನ್ನು ಬೆನ್ನ ಹಿಂದೆ ಇರುವೆ ಸಾಲಿನಂತೆ ಬರೆದ ತಾವು, ಬಾಯಿಯ ಮುಂದೆ ದಪ್ಪ ಅಕ್ಷರಗಳಲ್ಲಿ 'ಎವುದಿಕೋಸ್ ಚೆಲುವ' ಎಂದು ಬರೆದಿರಿ. ಊರಿನ ಸಿರಿವಂತರ ಮಗನನ್ನು ಮಡಕೆಯ ಮೇಲೆ ಹೊಗಳುವುದು ತಮ್ಮ ಕೇರಿಯ ವಾಡಿಕೆ, ಒಪ್ಪುತ್ತೇನೆ. ಆದರೆ ಅಕ್ಕನನ್ನು ಯಾರೋ ಹೊತ್ತೊಯ್ಯುತ್ತಿರುವಾಗ ತಂಗಿಯಾದವಳು ಅಪ್ಪನನ್ನು ಕೂಗುವುದು ಬಿಟ್ಟು, ಎವುದಿಕೋಸನ ಚೆಲುವನ್ನು ಸಾರುತ್ತ ಓಡಿದರೆ ಕಡಲಿನ ನಾಲ್ಕು ಜನ ಏನೆಂದುಕೊಂಡಾರು?

ಬಾನಿಯನ್ನು ಕೊಂಡದ್ದು ಅದೇ ಎವುದಿಕೋಸನ ತಂದೆ. ಅವರ ಮನೆಯ ಔತಣದಲ್ಲಿ ಅತಿಥಿಯೊಬ್ಬ ನನ್ನತ್ತ ಬಗ್ಗಿ, "ಇವಳ್ಯಾವಳೋ ನೌಸಿಮೇದೆ? ನಮ್ಮಜ್ಜಿ ಹೇಳಿದ್ ಕತೇಲಿ ಇಂಥೋಳು ಇರ್ಲೇ ಇಲ್ವಲ್ಲೋ" ಎಂದ. ಯಜಮಾನ, "ಆಟಕ್ಕುಂಟು ಲೆಕ್ಕಕ್ಕಿಲ್ಲ, ಬಿಡೋ. ಬಟ್ಟಲು ಚಾಚು" ಎಂದ. ಎಲ್ಲರೂ ನಕ್ಕರು. ಆದರೂ ಮಾನ್ಯರೇ, ಒಬ್ಬನ ಬಾಯಿಯಲ್ಲಿ ನನ್ನ ಹೆಸರು ಬಂದಾಗ ನನಗೆ ಬಹಳ ಸಂತೋಷವಾಯಿತು. ಕತೆಯಿಲ್ಲದವಳಿಗೆ ಬದುಕೆಂದರೆ ಅಷ್ಟೇ.

ಈಗ ಆ ಯಜಮಾನರಿಗೆ ಹೊಸ ಬಾನಿಯ ಆಸೆ ಹತ್ತಿ, ನಮ್ಮನ್ನು ಪಡುವಣ ಕಡಲಿನಾಚೆಯ ಎತ್ರುಸ್ಕರ ನಾಡಿಗೆ ಹೋಗುವ ವ್ಯಾಪಾರಿಗೆ ಮಾರಿದ್ದಾರೆ. ಅಲ್ಲಿನ ಜನ ತಮ್ಮ ಕೇರಿಯ ಪಾತ್ರೆಗಳನ್ನು ಬಹಳ ಮೆಚ್ಚುತ್ತಾರಂತೆ. ಮೆಚ್ಚಿ, ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಾರಂತೆ. ಥೇತಿಸಳಿಗೇನು, ಅವಳು ಅಥೆನ್ಸಿನ ಮನೆಮನೆಯ ಮಡಕೆಯ ಮೇಲಿದ್ದಾಳೆ. ನಾನಿರುವುದು ಇದೊಂದರ ಮೇಲೆ. ಮಣ್ಣಿನಡಿಯ ಕತ್ತಲಲ್ಲಿ ನನ್ನ ಹೆಸರು ಓದುವವರಾರು? ನನಗೆ ಭಯವಾಗಿದೆ, ಮುಚ್ಚಿಡುವುದೇನು.

ಆದ್ದರಿಂದ ಹಡಗು ಹೊರಡುವ ಮುನ್ನ, ಸಂತೆಯಲ್ಲಿ ಮಾರುವ ಅಗ್ಗದ ಎಣ್ಣೆ ಕುಡಿಕೆಯ ಮೇಲಾದರೂ ಸರಿ, ನನ್ನನ್ನು ಇನ್ನೊಮ್ಮೆ ಬರೆದು ಅಥೆನ್ಸಿನಲ್ಲಿ ಉಳಿಸಿಕೊಳ್ಳಬೇಕೆಂದು ಪ್ರಾರ್ಥನೆ. ಬರೆಯುವಾಗ ದಯಮಾಡಿ ಕೈ ಇಳಿಸಿ, ನೋಯುತ್ತಿದೆ. ಕಾಲು ಮುಂದಕ್ಕೆ ಓಡಿಸಿ ಮುಖ ಹಿಂದಕ್ಕೆ ತಿರುಗಿಸುವ ತಮ್ಮ ಕೌಶಲ ಲೋಕ ಮೆಚ್ಚುವಂಥದು, ಆದರೆ ಓಡುವವಳಿಗೆ ದಾರಿ ಕಾಣಬೇಡವೇ. ಸಾಧ್ಯವಾದರೆ ಅಪ್ಪನ ಮನೆಯನ್ನೂ ಮುಟ್ಟಿಸಿ. ಜೊತೆಗೊಂದು ಕತೆ ಕೊಡಿ: ಮುಳುಗುತ್ತಿದ್ದ ಮೀನುಗಾರನನ್ನು ಕಾಪಾಡಿದಳೆಂದೋ, ಅದಾಗದಿದ್ದರೆ ಒಂದು ಅಪವಾದವಾದರೂ ನಡೆದೀತು.

ಗೇಣು ಜಾಗದ ಋಣದಲ್ಲಿ,
ತಮ್ಮ ವಿಶ್ವಾಸಿ,
ನೌಸಿಮೇದೆ

ಮರೆತ ಮಾತು: ಬಂದರಿನಲ್ಲಿ ಈಗಷ್ಟೇ ಹಮಾಲರ ಕೈ ಜಾರಿ ಬಾನಿಯ ಪಾದ ಮುರಿದು ನೀರಿಗೆ ಬಿತ್ತು. 'ದೆಕ್ಸಿಲಾಸ್ ಬರೆದನು' ಎಂದು ತಾವು ಸಹಿ ಹಾಕಿದ್ದು ಅದರ ಮೇಲೆಯೇ. ವ್ಯಾಪಾರಿ ಬೇರೆ ಯಾವುದೋ ಪಾತ್ರೆಯ ಪಾದ ತಂದು ಮೆತ್ತಿದ್ದಾನೆ. ಮುಂದೆಂದೋ ಯಾರಾದರೂ ಆ ಸಮಾಧಿ ಅಗೆದರೆ ನನ್ನ ಹೆಸರು ಸಿಗುತ್ತದೆ, ತಮ್ಮದು ಸಿಗುವುದಿಲ್ಲ. ಚಿಂತಿಸಬೇಡಿ. ತಮ್ಮನ್ನು ಏನೆಂದು ಕರೆಯುವುದೋ ತಿಳಿಯದೆ ಅವರು 'ನೌಸಿಮೇದೆಯನ್ನು ಬರೆದವನು' ಎಂದು ಏನೋ ಒಂದು ಬರೆದು ಹಾಕುತ್ತಾರೆ.