ಗಂಡು ಕೇಳಲು ಬಂದ ಷಡ್ಡಕರು

ಜಗತ್ತೆಲ್ಲ ಹೆಣ್ಣು ನೋಡಲು ಹೋಗುತ್ತದೆ. ನಮ್ಮ ಷಡ್ಡಕರು ಗಂಡು ನೋಡಲು ಹೋಗುತ್ತಿದ್ದರು! ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳೆಂದಲ್ಲ. ಅವರಿಗೆ ಮಗಳೂ ಇರಲಿಲ್ಲ, ಮಗನೂ ಇರಲಿಲ್ಲ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟುಕೊಂಡು, ತಲೆಗೆ ಜರಿಯ ಪಟಕಾ ಸುತ್ತಿಕೊಂಡು, ಯಾರದೋ ಮನೆಯ ಕಟ್ಟೆ ಹತ್ತಿ, "ನಿಮ್ಮ ಮಗನ್ನ ಕೇಳಾಕ ಬಂದೇವ್ರಿ" ಎನ್ನುತ್ತಿದ್ದರು. ಇಂಥವರ ಮೇಲೆ ಜನ ನಾಯಿ ಬಿಡಬೇಕೋ ಬೇಡವೋ, ನೀವೇ ಹೇಳಿ. ನಮ್ಮ ಸೀಮೆಯ ಜನ ಜಮಖಾನೆ ಹಾಸಿ, ಚಹಾ ಕೊಟ್ಟು, ಕಡೆಗೆ ಮಗನನ್ನೂ ಕೊಟ್ಟು ಕಳಿಸುತ್ತಿದ್ದರು! ನನಗೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಷಡ್ಡಕರೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹೊಟ್ಟೆಕಿಚ್ಚಿಗೆಂದೇ ದೇವರು ಹುಟ್ಟಿಸಿದ ಸಂಬಂಧ ಅದು. ನಾನು ಗೋಕಾಕದಲ್ಲಿ ಅರಿವೆ ಅಂಗಡಿ ಇಟ್ಟವನು. ಅವರು ಹುಕ್ಕೇರಿಯಲ್ಲಿ ಹೊಲ ಮಾಡಿಕೊಂಡಿದ್ದವರು. ನಮ್ಮಿಬ್ಬರ ಮಾವನವರ ಮನೆ ಮೂಡಲಗಿಯಲ್ಲಿ. ಅಲ್ಲಿ ಊಟಕ್ಕೆ ಕೂತಾಗ ಮಾವನವರ ಬಲಗಡೆಗೆ ಒಂದು ಮಣೆ ಹಾಕುವ ವಾಡಿಕೆ. ಅದು ಹಿರಿಯಳಿಯನ ಮಣೆ, ಅಂದರೆ ನನ್ನದು. ಅದರ ಮೇಲೆ ಕೂತರೆ ತುಪ್ಪ ಮೊದಲು ಬೀಳುತ್ತದೆ, ಮಾತೂ ಮೊದಲು ನಮ್ಮ ಕಡೆಗೇ ಬರುತ್ತದೆ. ಆ ಮಣೆ ನನ್ನ ಕೆಳಗಿರುವವರೆಗೂ ನಾನು ಲೋಕದ ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವನಲ್ಲ.

ಇದೆಲ್ಲ ಶುರುವಾದದ್ದು ಬ್ರಿಟಿಷರ ಕಾಲದಲ್ಲಿ, ಊರೂರಿಗೆ ಭಾಷಣ ನಡೆಯುತ್ತಿದ್ದ ದಿನಗಳಲ್ಲಿ. ಗೋಕಾಕಕ್ಕೆ ಬಂದ ಭಾಷಣಕಾರರೊಬ್ಬರು, ತರುಣರು ದೇಶದ ಕೆಲಸಕ್ಕೆ ಬರಬೇಕು ಎಂದರು. ಎಲ್ಲರೂ ಚಪ್ಪಾಳೆ ಹೊಡೆದು ಮನೆಗೆ ಹೋಗಿ ಊಟ ಮಾಡಿದರು. ನಾನೂ ಮಾಡಿದೆ. ಆ ದಿನ ನಮ್ಮಲ್ಲಿ ಇಳಿದುಕೊಂಡಿದ್ದ ಷಡ್ಡಕರು ಮಾತ್ರ ಭಾಷಣವನ್ನು ಖರೆ ಅಂದುಕೊಂಡುಬಿಟ್ಟರು!

ರೊಟ್ಟಿ ಮುರಿಯುತ್ತಿದ್ದವರು ಕೈ ತಡೆದು, "ಅಣ್ಣಾರ, ಹೆಣ್ಣಮಕ್ಕಳು ಮದಿವ್ಯಾಗಿ ಬ್ಯಾರೆ ಊರಿಗಿ ಹೋಗ್ತಾರ. ಅಲ್ಲಿ ಮಂದೀನೆಲ್ಲ ತಮ್ಮವರ ಮಾಡ್ಕೊಂತಾರ. ಗಂಡಸು ಹುಟ್ಟಿದ ಮನ್ಯಾಗ ಹುಟ್ಟಿ ಅಲ್ಲೇ ಮುದುಕ ಆಗ್ತಾನ. ಅವನಿಗಿ ಊರು ಅಂದ್ರ ತನ್ನ ಓಣಿ ಅಷ್ಟ. ಲಗ್ನಕ್ಕ ಮೊದಲ ಒಂದ ವರ್ಷ ಅವನ್ನೂ ಪರಊರಿಗಿ ಕಳಸಬೇಕ್ರಿ" ಎಂದರು.

"ಕಳಿಸಿ?"

"ಬಾವಿ ಹೂಳು ತಗೀಲಿ, ಚಕ್ಕಡಿ ದಾರಿ ನೆಟ್ಟಗ ಮಾಡ್ಲಿ, ಓದು ಬರದವರಿಗಿ ಅಕ್ಷರ ಕಲಸ್ಲಿ. ಆ ಊರವರು ಹಾಕಿದ ರೊಟ್ಟಿ ತಿನ್ಲಿ."

"ಯಾರ್ರಿ ಕೊಡ್ತಾರ ಗಂಡಮಕ್ಕಳನ್ನ?"

"ಹೆಣ್ಣಮಕ್ಕಳನ್ನ ಕೊಡ್ತಾರಲ್ರಿ? ರೀತಿ ಪ್ರಕಾರ ಕೇಳಬೇಕು!"

ಹೀಗೆ ಹುಟ್ಟಿತು ಗಂಡು ನೋಡುವ ಶಾಸ್ತ್ರ. ಮೊದಲ ಶಾಸ್ತ್ರ ನಡೆದದ್ದು ಮಮದಾಪುರದ ಗೌಡರ ಮನೆಯಲ್ಲಿ. ಷಡ್ಡಕರ ಮಾನ ಹರಾಜಾಗುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಅಂಗಡಿಗೆ ಬೀಗ ಹಾಕಿ ಹೋದೆ. ಗೌಡರ ಮಗ, ಹೋರಿ ಹಿಡಿಯುವ ಗಟ್ಟಿ ಆಳು, ತಲೆ ತಗ್ಗಿಸಿಕೊಂಡು ಬಂದು ಜಮಖಾನೆಯ ತುದಿಯಲ್ಲಿ ಕೂತ. ಷಡ್ಡಕರು ಕನ್ನಡಕ ಏರಿಸಿದರು.

"ಅಲ್ಲಿ ತನಕ ನಡದು ತೋರ್ಸಪಾ."

ನಡೆದ.

"ಸೂಜಿಗಿ ದಾರ ಪೋಣಸು."

ಪೋಣಿಸಲು ಹೋಗಿ ಬೆರಳಿಗೆ ಚುಚ್ಚಿಕೊಂಡ.

"ರೊಟ್ಟಿ ಬಡಿಯಾಕ ಬರ್ತೈತೇನು?"

ಗೌಡರ ಮುಖ ಕೆಂಪಾಯಿತು. ಮುಗಿಯಿತು ಇವರ ಕತೆ, ಎಂದು ನಾನು ಹಿಗ್ಗಿ ಗೋಡೆಗೆ ಒರಗಿದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಗೌಡರ ಮುದಿ ತಾಯಿ ಕಿಲಕಿಲ ನಗತೊಡಗಿದಳು. "ನನ್ನ ನೋಡಾಕ ಬಂದಾಗ ಹಿಂಗ ನಡಿಸಿದ್ರಪಾ, ಹಿಂಗ ಕುಂಡ್ರಿಸಿದ್ರು! ಇಷ್ಟ ವರ್ಷದ ಮ್ಯಾಲೆ ಒಬ್ಬ ಗಂಡಸು ಹಂಗ ಕುಂತದ್ದ ನೋಡಿ ನನ್ನ ಹೊಟ್ಟಿ ತಣ್ಣಗಾತು. ಏ, ಹಿಟ್ಟು ತರ್ರೇ!" ಎಂದಳು. ಹಿಟ್ಟು ಬಂತು. ಹುಡುಗ ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಷಡ್ಡಕರು ಅದನ್ನೇ ತಿಂದು ನೀರು ಕುಡಿದು, "ಹುಡುಗ ಒಪ್ಪಿಗಿ ಅದಾನ" ಎಂದು ಎಲೆ ಅಡಿಕೆ ಕೊಟ್ಟರು. ಆ ಮುದುಕಿ ಇವರ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಪಕ್ಕದಲ್ಲೇ ಇದ್ದ ನನ್ನನ್ನು ಒಬ್ಬರೂ ಕೇಳಲಿಲ್ಲ, ನೀವು ಯಾರು ಅಂತ!

ಆಮೇಲೆ ಏನು ಕೇಳುತ್ತೀರಿ! ಊರೂರಿನ ಹೆಂಗಸರು ಇವರ ದಾರಿ ಕಾಯತೊಡಗಿದರು. ಸಾಲಿ ಮುಗಿಸಿದ ಹುಡುಗರು ಗುಟ್ಟಾಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಅಭ್ಯಾಸ ಮಾಡುತ್ತಿದ್ದರು. ನನ್ನ ಅಂಗಡಿಗೆ ಬಂದ ಗಿರಾಕಿಗಳೂ ಧೋತರ ನೋಡುವುದು ಬಿಟ್ಟು, "ನೀವು ಹುಕ್ಕೇರಿಯವರ ಷಡ್ಡಕರಂತ, ಹೌದೇನ್ರಿ?" ಎಂದು ನನ್ನನ್ನು ನೋಡತೊಡಗಿದರು. ಸ್ವಂತ ಊರಿನಲ್ಲಿ, ಸ್ವಂತ ಅಂಗಡಿಯಲ್ಲಿ, ನಾನು ಅವರ ಷಡ್ಡಕ! ಅವರು ನನ್ನ ಷಡ್ಡಕರಲ್ಲವಂತೆ!

ಆದರೆ ದೇವರಿದ್ದಾನೆ. ಮೊದಲ ತಂಡವನ್ನು ಷಡ್ಡಕರು ಎಲ್ಲಿಗೆ ಕರೆದೊಯ್ದರು? ಹುಕ್ಕೇರಿಯಲ್ಲಿ ಕೂಡಿಸಿದ ಹುಡುಗರನ್ನು ಅಲ್ಲಿಂದ ಮೂಡಲಗಿಗೆ, ಮಾವನವರ ಓಣಿಯ ಹಾಳುಬಾವಿಯ ಹೂಳು ತೆಗೆಯಲು. ಅಲ್ಲೇ ಎಡವಿದರು. ಮೂಡಲಗಿಯವರಿಗೆ ಹುಕ್ಕೇರಿ ಎಂದರೆ ಮಗಳನ್ನು ಕೊಟ್ಟ ಊರು. ಅಲ್ಲಿಂದ ಬಂದವರೆಲ್ಲ ಬೀಗರು. ಬೀಗರ ಕೈಗೆ ಯಾರಾದರೂ ಕೆಸರಿನ ಬುಟ್ಟಿ ಕೊಡುತ್ತಾರೆಯೇ?

ಹುಡುಗರು ಧೋತರ ಮೇಲೆ ಕಟ್ಟಿ ಬಾವಿಗೆ ಇಳಿಯಲು ಹೋದರೆ ಓಣಿಯವರು ಓಡಿ ಬಂದು ರಟ್ಟೆ ಹಿಡಿದರು. "ಏ ಬ್ಯಾಡ್ರಿ, ಮಂದಿ ಏನಂದಾರು? ನೆಳ್ಳಾಗ ಕುಂಡ್ರಿ, ಹೋಳಗಿ ಆಗಾಕತ್ತಾವ!" ಷಡ್ಡಕರು ಕೈ ಮುಗಿದರು, ಕೂಗಾಡಿದರು, ಕಡೆಗೆ ತಾವೇ ಹಗ್ಗ ಹಿಡಿದರು. ಊರ ಅಳಿಯ ಹಗ್ಗ ಹಿಡಿಯುವುದೆಂದರೇನು! ಹಗ್ಗವನ್ನೂ ಕಸಿದುಕೊಂಡರು. ಬೀಗರೆದುರು ಬಾವಿ ಹೊಲಸಾಗಿ ಕಾಣುತ್ತದಲ್ಲ ಎಂಬ ನಾಚಿಕೆಗೆ ಓಣಿಯ ಗಂಡಸರೆಲ್ಲ ತಾವೇ ಬಾವಿಗೆ ಇಳಿದರು. ಸೇವೆಗೆ ಬಂದ ಹುಡುಗರು ಬೇವಿನ ನೆರಳಲ್ಲಿ ತುಪ್ಪ ಸುರಿದ ಹೋಳಿಗೆ ತಿಂದು ಗೊರಕೆ ಹೊಡೆದರು. ಸಾಲದೆಂಬಂತೆ, ಮಾವನವರಿಗೆಂದು ನಾನು ಒಯ್ದಿದ್ದ ಗೋಕಾಕ ಕರದಂಟನ್ನೂ ಅವರಿಗೇ ಹಂಚಿದರು!

ಕರದಂಟು ಹೋದರೆ ಹೋಯಿತು, ಷಡ್ಡಕರ ಯೋಜನೆ ಮಣ್ಣುಗೂಡಿತಲ್ಲ ಎಂದು ನಾನು ಖುಷಿಯಿಂದ ಕೈಕಾಲು ತೊಳೆದು ಊಟಕ್ಕೆ ಬಂದೆ. ಮಾವನವರು ಊರ ಹಿರಿಯರೆದುರು ಎದೆ ಉಬ್ಬಿಸಿ ಹೇಳುತ್ತಿದ್ದರು: "ಕಲೆಕ್ಟರ್ ಸಾಹೇಬ ಬಂದು ಹೇಳಿದ್ರೂ ಈ ಬಾವಿಗಿ ಒಬ್ಬಾಂವ ಇಳದಿದ್ದಿಲ್ಲ. ನಮ್ಮ ಸಣ್ಣಳಿಯಂದಿರು ಬಂದ ದಿನಾನ ಊರಿಗಿ ಊರನ್ನ ಇಳಿಸಿದ್ರು ನೋಡ್ರಿ!" ಹೇಳುತ್ತಲೇ ಬಲಗಡೆಯ ಮಣೆಯನ್ನು ಕೈಯಿಂದ ಒರೆಸಿ ಷಡ್ಡಕರನ್ನು ಕೂರಿಸಿಕೊಂಡರು. ನನ್ನ ಮಣೆ! ನಾನು ಎಡಗಡೆಗೆ ಕೂತೆ. ತುಪ್ಪ ನನ್ನವರೆಗೆ ಬರುವಷ್ಟರಲ್ಲಿ ತಂಬಿಗೆಯ ತಳ ಕಾಣುತ್ತಿತ್ತು.

ಷಡ್ಡಕರಿಗೆ ಮಾತ್ರ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ತಪ್ಪು ನಂದ. ನಿಮ್ಮನ್ನ ಬೀಗರ ಮಾಡಿ ತಂದೆ. ಇನ್ನ ಮ್ಯಾಲೆ ಹೋದ ಊರಿಗಿ ಸೊಸಿಯಾಗಿ ಹೋಗ್ರಿ. ಹಿತ್ತಲ ಬಾಗಲಿಂದ, ತುಂಬಿದ ಕೊಡ ಹೊತ್ಕೊಂಡು ಒಳಗ ಹೋಗ್ರಿ. ಸೊಸಿಗಿ ಯಾರೂ ಕುಂಡ್ರು ಅನ್ನೂದಿಲ್ಲ!" ಎಂದರು. ಅಂದಿನಿಂದ ಯಾರೂ ಅನ್ನಲಿಲ್ಲ. ಹುಡುಗರು ಕತ್ತೆಯ ಹಾಗೆ ದುಡಿದರು.

ಕಡೆಗೆ ಒಂದು ದಿನ ಆ ತಟ್ಟೆ, ಆ ಪಟಕಾ, ನಮ್ಮ ಮನೆಯ ಕಟ್ಟೆಯನ್ನೇ ಹತ್ತಿದವು. ನನಗಿರುವವನು ಒಬ್ಬನೇ ಮಗ.

"ಹುಡುಗ ಇನ್ನಾ ಸಣ್ಣಾಂವ ಅದಾನ್ರಿ" ಎಂದೆ. ಹೆಣ್ಣು ಹೆತ್ತವರು ಹೇಳುವ ಮಾತು ನನ್ನ ಬಾಯಲ್ಲೂ ಬಂದುಬಿಟ್ಟಿತು.

"ಮೀಸಿ ನನಕಿಂತ ದಪ್ಪ ಬಂದಾವಲ್ರಿ ಅಣ್ಣಾರ!"

ಮಗ ಬಂದ, ನಡೆದ, ಒಂದೇ ಏಟಿಗೆ ದಾರ ಪೋಣಿಸಿದ, ಹುಣ್ಣಿಮೆ ಚಂದ್ರನಂಥ ರೊಟ್ಟಿ ಬಡಿದ! ಅಂಗಡಿಯಲ್ಲಿ ಒಂದು ಪಂಜೆ ನೆಟ್ಟಗೆ ಮಡಿಸಲು ಬಾರದವನು! ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೆರಗಿನಲ್ಲಿ ನಗುತ್ತಿದ್ದಳು.

"ಅಂಗಡಿ ಯಾರು ನೋಡ್ಬೇಕು?" ಎಂದೆ.

"ಅವ ಅಂಗಡ್ಯಾಗ ಕುಂತಾಗ ನೀವು ಅರಿವಿ ನೋಡ್ತೀರಿ, ಅವನ್ನ ಯಾವತ್ತ ನೋಡೀರ್ರಿ? ಹೋಗ್ಲಿ ಬಿಡ್ರಿ" ಎಂದಳು. ಮಗನ ಟವೆಲಿನಲ್ಲಿ ಕೊಬ್ಬರಿ ಬಟ್ಟಲು ಹಾಕಿ ಕಟ್ಟಿ ಕಳಿಸಿದೆವು. ಅವನಿಗೆ ಸಿಕ್ಕ ಊರು ಧುಪದಾಳದ ಹತ್ತಿರದ್ದು. ಇಲ್ಲೇ ಇದೆ, ಕೂಗಿದರೆ ಕೇಳುವಷ್ಟು. ಆದರೆ ಚಕ್ಕಡಿ ತಿರುವಿನಲ್ಲಿ ಮರೆಯಾದಾಗ, ಹೆಣ್ಣು ಕೊಟ್ಟವರು ಯಾಕೆ ಅಳುತ್ತಾರೆಂದು ನನಗೆ ತಿಳಿಯಿತು.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಹಾಗೆ ಅವನೂ ಬಂದ. ಮೈ ಕಪ್ಪಾಗಿತ್ತು, ಅಂಗೈ ಒರಟಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಉಂಡಿ ತಿನ್ನುತ್ತ ಬಾಯಿ ತುಂಬ ಕಾಕಾನದೇ, ಅಂದರೆ ಷಡ್ಡಕರದೇ, ಮಾತು. ಕಾಕಾ ಹಿಂಗಂದ್ರು, ಕಾಕಾ ಹಂಗಂದ್ರು. ನನಗೆ ತಡೆಯಲಾಗಲಿಲ್ಲ.

"ನಾನೂ ನಿನಗ ಏನೇನೋ ಹೇಳೇನಲ್ಲೋ? ಒಂದರ ನೆನಪೈತೇನು?"

"ಏನಪ್ಪಾ?" ಎಂದ, ನಿಜವಾಗಿ ಕೇಳುವ ಆಸೆಯಿಂದ. ಎಷ್ಟು ಯೋಚಿಸಿದರೂ ಒಂದು ಮಾತೂ ನನಗೆ ನೆನಪಾಗಲಿಲ್ಲ. ಇನ್ನೊಂದು ಉಂಡಿ ಹಾಕಿದೆ.

ವರ್ಷ ಮುಗಿಯಿತು. ಕಳಿಸುವಾಗ ಹೇಗೋ ಮರಳಿಸುವಾಗಲೂ ಹಾಗೆಯೇ ಷಡ್ಡಕರದು ರೀತಿ ರಿವಾಜು. ಪ್ರತಿ ಮನೆಗೂ ತಾವೇ ಹೋಗಿ, ಹುಡುಗನ ಕೈಯನ್ನು ಅಪ್ಪನ ಕೈಯಲ್ಲಿಟ್ಟು, "ಒಪ್ಪಿಸ್ಕೊಳ್ರಿ" ಎನ್ನುತ್ತಿದ್ದರು. ನಮ್ಮದೇ ಕಡೆಯ ಮನೆ. ಹೊತ್ತು ಇಳಿಯುತ್ತಿತ್ತು. ಮಗನ ಕೈಯನ್ನು ನನ್ನ ಕೈಯಲ್ಲಿಟ್ಟರು, ಆದರೆ ತಮ್ಮ ಕೈ ತೆಗೆಯಲಿಲ್ಲ. ಕಟ್ಟೆಯ ಮೇಲೆ ಮೂರು ಕೈ ಹಿಡಿದುಕೊಂಡು ನಿಂತೆವು.

"ಬಿಡಬೇಕಂತೀನ್ರಿ ಅಣ್ಣಾರ, ಕೈ ಬಿಡವಲ್ದು" ಎಂದರು. "ವರ್ಷಾನೂ ಮಂದಿ ಮಕ್ಕಳನ್ನ ಮನಿ ತುಂಬ ಮಾಡ್ಕೊಂತೇನಿ, ವರ್ಷಾನೂ ಒಬ್ಬೊಬ್ಬರನ್ನ ಅವರವರ ಅಪ್ಪಗೋಳಿಗಿ ಒಪ್ಪಿಸಿ ಬರ್ತೇನಿ. ಇವತ್ತ ಮನಿಗಿ ಹೋದ್ರ ಮತ್ತ ನಾವಿಬ್ಬರ. ನಮಗ ಮಕ್ಕಳಿಲ್ಲ, ಮಗನ ಸಲುವಾಗಿ ಹೆಣ್ಣು ಕೇಳಾಕ ಹೋಗೂದು ನನ್ನ ಹಣ್ಯಾಗ ಬರದಿಲ್ಲ. ಅದಕ್ಕ ಈ ಆಟಾ ಹೂಡೀನಿ. ನಿಮ್ಮನ್ನ ಕಂಡ್ರ ನನಗ ಮೊದಲಿಂದ ಹೊಟ್ಟಿಕಿಚ್ಚರಿ."

ನನ್ನನ್ನು ಕಂಡರೆ! ಇಷ್ಟು ವರ್ಷ ಹಗಲೆಲ್ಲ ಊದಿ ಊದಿ ನಾನು ಉರಿಸಿಕೊಂಡು ಬಂದ ಕಿಚ್ಚು. ಅದರಲ್ಲೂ ಈ ಮನುಷ್ಯ ನನಗಿಂತ ಮುಂದೆ ಇದ್ದರು! ಸಿಟ್ಟು ಬರಬೇಕಾಗಿತ್ತು. ನನ್ನ ಇನ್ನೊಂದು ಕೈಯನ್ನೂ ಅವರ ಕೈ ಮೇಲಿಟ್ಟೆ.

"ನೋಡ್ರಿ" ಎಂದೆ, "ಮೂಡಲಗಿ ಮಾವಾರು ಇವಂಗ ಒಂದು ಸಂಬಂಧ ಹೇಳ್ಯಾರ. ಬರೂ ವಾರ ಹೋಗೂದೈತಿ. ಆ ತಟ್ಟಿ ನೀವ ಹಿಡೀರಿ, ಮುಂದ ನೀವ ನಡೀರಿ. 'ನಮ್ಮ ಮಗಗ ನಿಮ್ಮ ಮಗಳನ್ನ ಕೇಳಾಕ ಬಂದೇವ್ರಿ' ಅಂತ ನೀವ ಕೇಳ್ರಿ. ನಾ ನಿಮ್ಮ ಹಿಂದ ಬರ್ತೇನಿ."

ಅವರು ಪಟಕಾ ಬಿಚ್ಚಿ ಅದರ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಸುತ್ತಿಕೊಂಡರು. ಊಟಕ್ಕೆ ನನ್ನ ಬಲಗಡೆಗೆ ನಾನೇ ಮಣೆ ಹಾಕಿ ಅವರನ್ನು ಕೂರಿಸಿದೆ. ಮಗ ಒಳಗಿನಿಂದ ಬಿಸಿ ರೊಟ್ಟಿ ಬಡಿದು ತಂದು ಇಬ್ಬರಿಗೂ ಹಾಕಿದ. ಷಡ್ಡಕರು ಮೊದಲ ತುತ್ತು ಮುರಿದು, ಅದನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, ಯಾವುದೋ ದೊಡ್ಡ ತೀರ್ಮಾನಕ್ಕೆ ಬಂದವರಂತೆ ಹೇಳಿದರು:

"ಅಣ್ಣಾರ, ಆ ಹುಡಿಗಿಗಿ ರೊಟ್ಟಿ ಬಡಿಯಾಕ ಹಚ್ಚೂದು ಬ್ಯಾಡ್ರಿ. ನಮ್ಮ ಮಗಗ ಬರ್ತೈತಿ."