ಮೇಲಂತಸ್ತಿನ ಇಪ್ಪತ್ತೆರಡನೇ ಸಾಲನ್ನು ಕೀಳಲಿರುವವರಿಗೆ

ಪೋರ್ಟ್ ಹಾರ್ಲನ್ ಬಾರ್ಜ್‌ಮೆನ್ ಬೇಸ್‌ಬಾಲ್ ಕ್ಲಬ್ಬಿನ ಪ್ರೇಕ್ಷಕಾನುಭವ ವಿಭಾಗದ ಉಪಾಧ್ಯಕ್ಷರಾದ ಶ್ರೀ ಡ್ಯೂಯಿ ಕಾರ್ಮೈಕಲ್ ಅವರಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಎಡಗೈಯಲ್ಲಿ ಚೆಂಡೆಸೆಯುವ ತಮ್ಮ ಪಿಚರನ ಭುಜವೂ, ಮಳೆ ಬಂದಾಗ ಮೈದಾನಕ್ಕೆ ಹೊದಿಸುವ ಟಾರ್ಪಾಲೂ, ತಮ್ಮ ವಿಭಾಗದ ಉಳಿದ ಉಪಾಧ್ಯಕ್ಷರೂ ಅಷ್ಟೇ ಕ್ಷೇಮವೆಂದು ನಂಬಿದ್ದೇನೆ. ಹೀಗೆಲ್ಲ ನಂಬುವುದು ನನ್ನ ಸ್ವಭಾವವಲ್ಲ. ಆದರೂ ದೊಡ್ಡವರಿಗೆ ಬರೆಯುವಾಗ ಮೊದಲು ಕ್ಷೇಮ ಕೇಳಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಮುಂದಿನದನ್ನು ಹೇಳಿಕೊಡುವಷ್ಟರಲ್ಲಿ ನಾನು ಶಾಲೆ ಬಿಟ್ಟಿದ್ದೆ, ಮತ್ತೆ ಸೇರಿ ಮತ್ತೆ ಬಿಟ್ಟೆ. ಆದ್ದರಿಂದ ಮುಂದೆ ಎಲ್ಲಾದರೂ ಮರ್ಯಾದೆ ತಪ್ಪಿದರೆ ಅದು ಓದಿನ ಕೊರತೆಯೇ ಹೊರತು ಸೊಕ್ಕಲ್ಲವೆಂದು ದಯವಿಟ್ಟು ತಿಳಿಯಬೇಕು.

ಈ ಋತು ಮುಗಿದ ಕೂಡಲೇ ನಮ್ಮ ಸ್ಟೇಡಿಯಮ್ಮಿನ ಮೇಲಂತಸ್ತನ್ನು ಪೂರ್ತಿ ಕಿತ್ತುಹಾಕಿ, ಇರುವ ಜಾಗವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಅದನ್ನು 'ಹೆಚ್ಚು ಆತ್ಮೀಯ' ಎಂದು ಕರೆಯಲಿದ್ದೀರೆಂದು ಪತ್ರಿಕೆಯಲ್ಲಿ ಓದಿ ನಾನು ಕುರ್ಚಿ ಹಿಡಿದು ಕೂತೆ. ಮೊದಲ ಕಳವಳ ಇಳಿದ ಮೇಲೆ ತಮ್ಮ ಜಾಣತನಕ್ಕೆ ತಲೆದೂಗಿದೆ. ಜನ ಬಾರದೆ ಕುರ್ಚಿಗಳು ಖಾಲಿ ಉಳಿದರೆ ಜನರನ್ನು ಕರೆಯುವ ಬದಲು ಕುರ್ಚಿಗಳನ್ನೇ ಕಳುಹಿಸಿಬಿಡುವ ಈ ಉಪಾಯ ನಮ್ಮ ಚರ್ಚಿನ ಪಾದ್ರಿಗಳಿಗೆ ಹೊಳೆದಿದ್ದರೆ ನಮ್ಮ ಭಾನುವಾರದ ಪ್ರಾರ್ಥನೆ ಎಂದೋ ಕಿಕ್ಕಿರಿದು ತುಂಬುತ್ತಿತ್ತು. ಉಳಿದ ಕುರ್ಚಿಗಳ ದರವನ್ನು ಏರಿಸುವುದೂ, ಎದುರಾಳಿ ತಂಡ ದೊಡ್ಡದಾದಷ್ಟೂ ಬೆಳಿಗ್ಗೆ ಒಂದು ದರ, ಸಂಜೆಗೆ ಇನ್ನೊಂದು ದರ ಇಡುವುದೂ ನ್ಯಾಯವೇ. ಸೋಲನ್ನು ನೋಡಲು ಇಷ್ಟು ದುಬಾರಿ ದರ ತೆತ್ತವನು ಅದನ್ನು ಬೇಗ ಮರೆಯುವುದಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನದೊಂದು ಸಣ್ಣ ದೂರನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು.

ತಾವು ಕೀಳಲಿರುವ ಮೇಲಂತಸ್ತಿನ ಇಪ್ಪತ್ತೆರಡನೇ ಸಾಲಿನಲ್ಲಿ ನಮ್ಮ ಮನೆಯವರು ಮೂವರು ಕೂರುತ್ತೇವೆ: ನಾನು, ನನ್ನ ದೊಡ್ಡಣ್ಣ ಎಮಿಲ್, ಚಿಕ್ಕಣ್ಣ ರೂಡಿ. ಇಡೀ ಋತುವಿನ ಟಿಕೆಟ್ಟನ್ನು ನಮ್ಮ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದಾಗಲೇ ಮಾಡಿಸಿಟ್ಟಿದ್ದರು. ಅಣ್ಣಂದಿರಿಬ್ಬರೂ ಮಾತು ಬಿಟ್ಟು ಬಹಳ ವರ್ಷಗಳಾದವು, ಆದರೆ ಸಾಲನ್ನು ಬಿಟ್ಟುಕೊಡುವಷ್ಟು ದೊಡ್ಡ ಜಗಳವೇನಲ್ಲ ಅದು. ಅಕ್ಕಪಕ್ಕದವರೊಡನೆ ಜಾಗ ಬದಲಾಯಿಸಿಕೊಂಡು ಎಮಿಲ್ ಮೆಟ್ಟಿಲ ಪಕ್ಕದ ಕೊನೆಗೂ, ರೂಡಿ ಗೋಡೆಯ ಕಡೆಯ ಕೊನೆಗೂ ಹೋದರು, ನಾನು ನಡುವೆ ಉಳಿದೆ.

ಜಗಳದ ಕಾರಣ ತಮ್ಮ ಪಾರ್ಕಿಂಗ್ ಜಾಗ. ಸ್ಟೇಡಿಯಂ ತುಂಬುತ್ತಿದ್ದ ಆ ಕಾಲದಲ್ಲಿ ಆಟ ಮುಗಿದ ಮೇಲೆ ಎದ್ದವರ ಕಾರು ಆಚೆ ಬರುವಷ್ಟರಲ್ಲಿ ಮನೆಯಲ್ಲಿ ಊಟ ಆರಿಹೋಗುತ್ತಿದ್ದುದರಿಂದ, ತಂಡ ಸೋಲುವುದು ಖಚಿತವಾದರೆ ಲೆಕ್ಕಾಚಾರದ ಜನ ಒಂಬತ್ತು ಇನ್ನಿಂಗ್ಸುಗಳಲ್ಲಿ ಏಳನೆಯದಕ್ಕೇ ಎದ್ದುಬಿಡುತ್ತಿದ್ದರು. ಒಮ್ಮೆ ನಮ್ಮವರು ಆರು ರನ್ ಹಿಂದಿದ್ದಾಗ ರೂಡಿ ಎಮಿಲನನ್ನು ಅಲ್ಲೇ ಬಿಟ್ಟು ಅಪ್ಪನನ್ನು ಕರೆದುಕೊಂಡು ಹೀಗೆಯೇ ಎದ್ದ. ಅವರು ಕಾರಿನ ಹತ್ತಿರ ತಲುಪಿದಾಗ ಒಂಬತ್ತನೇ ಇನ್ನಿಂಗ್ಸಿನಲ್ಲಿ ನಮ್ಮವರು ಏಳು ರನ್ ಹೊಡೆದು ಗೆದ್ದರು. ಹೊಸ ಋತು ಶುರುವಾಗುವ ಮುಂದಿನ ಏಪ್ರಿಲನ್ನು ಅಪ್ಪ ನೋಡಲಿಲ್ಲ. ತಿಥಿಯೂಟದ ಮೇಜಿನಲ್ಲಿ, ಎಲ್ಲರ ಎದುರಿಗೆ, ಎಮಿಲ್ ಆಲೂಗಡ್ಡೆಯ ಪಾತ್ರೆಯನ್ನು ರೂಡಿಯ ಕಡೆ ಸರಿಸುತ್ತಾ ಹೇಳಿದ, "ಅಪ್ಪನ ಕೊನೇ ಆಟಾನ ಟ್ರಾಫಿಕ್ಕಿಗೆ ಹೆದ್ರಿ ಬಿಟ್ಟ್ಯಲ್ಲೋ." ಅದೇ ಕೊನೆಯ ಮಾತು.

ಆದರೆ ಮನುಷ್ಯ ಮಾತು ಬಿಟ್ಟರೂ ಹಾಟ್‌ಡಾಗ್ ಬಿಡುವುದಿಲ್ಲ. ಮಾರುವವನು ಎಮಿಲ್ ಕಡೆಯ ಮೆಟ್ಟಿಲಿಗೆ ಮಾತ್ರ ಬರುತ್ತಾನೆ, ಏಕೆಂದರೆ ರೂಡಿಯ ಕಡೆ ಇರುವುದು ಗೋಡೆ. ಹೀಗಾಗಿ ರೂಡಿ ಪಕ್ಕದವನ ಕೈಗೆ ನೋಟು ಕೊಡುವುದು, ಅದು ಕೈಯಿಂದ ಕೈಗೆ ಸಾಲನ್ನೆಲ್ಲ ದಾಟಿ ಎಮಿಲನ ಕೈಗೆ ಬರುವುದು, ಎಮಿಲ್ ಮೈದಾನವನ್ನೇ ನೋಡುತ್ತಾ ಅದನ್ನು ಮಾರುವವನಿಗೆ ಕೊಡುವುದು, ಹಾಟ್‌ಡಾಗೂ ಚಿಲ್ಲರೆಯೂ ಅದೇ ದಾರಿಯಲ್ಲಿ ಹಿಂತಿರುಗುವುದು, ಇದು ಪದ್ಧತಿ. ಯಾರೂ ನಡುವೆ ಒಂದು ತುಂಡು ಕಚ್ಚಿಕೊಳ್ಳುವುದಿಲ್ಲ, ಯಾರೂ ಚಿಲ್ಲರೆ ಇಟ್ಟುಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕಿಂತ ಪ್ರಾಮಾಣಿಕ ಇಲಾಖೆ ನನಗೆ ಗೊತ್ತಿಲ್ಲ. ರೂಡಿಗೆ ಹೊಟ್ಟೆಹುಣ್ಣೆಂದು ವೈದ್ಯರು ಹೇಳಿದ ವರ್ಷದಿಂದ ಅವನ ಹಾಟ್‌ಡಾಗಿನ ಮೇಲೆ ಈರುಳ್ಳಿ ಇರುತ್ತಿರಲಿಲ್ಲ. ಎಮಿಲ್ ಅದನ್ನು ಕಾಗದದ ಕರವಸ್ತ್ರದಲ್ಲಿ ಒರೆಸಿ ಮುಂದೆ ಕಳುಹಿಸುತ್ತಿದ್ದ. ಸಾಲಿಗೆಲ್ಲ ಗೊತ್ತಿತ್ತು.

ಇಲ್ಲಿಂದ ತಮ್ಮ ಉಪಕಾರ ಆರಂಭವಾಗುತ್ತದೆ. ತಾವು ಮೊದಲ ಸಲ ದರ ಏರಿಸಿದಾಗ ರೂಡಿಯ ಪಕ್ಕದ ಕೊಳಾಯಿ ರಿಪೇರಿಯವರ ಕುಟುಂಬ ಬರುವುದು ನಿಂತಿತು. ನೋಟು ದಾಟಿಸಲು ಕೈಯಿಲ್ಲದೆ ರೂಡಿ ನಾಲ್ಕು ಕುರ್ಚಿ ಈಚೆ ಸರಿದ. ಎರಡನೇ ಸಲ ಏರಿಸಿದಾಗ ಎಮಿಲ್ ಪಕ್ಕದ ನಿವೃತ್ತ ಟೀಚರಮ್ಮಂದಿರು ಟಿ.ವಿ.ಯಲ್ಲೇ ನೋಡುತ್ತೇವೆಂದರು; ಹಾಟ್‌ಡಾಗನ್ನು ನನಗೆ ತಲುಪಿಸಲು ಬಗ್ಗಿ ಬಗ್ಗಿ ಸೊಂಟ ಹಿಡಿದು ಎಮಿಲ್ ಸರಿದ. ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುತ್ತಿದ್ದ ಒಳ್ಳೆಯ ಆಟಗಾರನನ್ನು ತಾವು ಬೇರೆ ಊರಿಗೆ ಮಾರಿದ ವರ್ಷ ಇಬ್ಬರೂ ಸರಿದರು. ಹಾಜರಿ ಕುಸಿದಿದೆಯೆಂದು ಪತ್ರಿಕೆಯವರು ಪ್ರತಿ ವರ್ಷ ಇಳಿಜಾರಿನ ಗೆರೆ ಎಳೆದು ತೋರಿಸುತ್ತಾರೆ. ನನಗೆ ಮಾತ್ರ ಅದು ನಮ್ಮ ಅಣ್ಣಂದಿರು ಹತ್ತಿರವಾಗುತ್ತಿರುವ ಗೆರೆ. ಹತ್ತಾರು ನೆಂಟರು ಕೂಡಿ ಮಾಡಲಾಗದ್ದನ್ನು ತಾವು ಕೆಟ್ಟ ಪಿಚಿಂಗಿನಿಂದಲೂ ಏರುದರದಿಂದಲೂ ಮಾಡಿದಿರಿ. ಈ ಬೇಸಿಗೆಯ ಹೊತ್ತಿಗೆ ಎಮಿಲ್, ನಾನು, ರೂಡಿ, ಮೂರು ಕುರ್ಚಿ ಒಟ್ಟಿಗೆ, ಸುತ್ತ ಪಾರಿವಾಳ.

ಹೀಗಿರುವಾಗ, ಮಾನ್ಯರೇ, ಕೀಳುತ್ತೀರಿ. ಅಲ್ಲಿ ನಿಂತು ನೋಡುವ ಕಟ್ಟೆ ಮಾಡಿ, ತಿಂಡಿಯನ್ನು ಫೋನಿನಲ್ಲಿ ಹೇಳಿದರೆ ಕಿಟಕಿಯಲ್ಲಿ ಇಸಿದುಕೊಳ್ಳುವ ಏರ್ಪಾಡು ಮಾಡುತ್ತೀರಂತೆ. ಯಾರ ಕೈಯೂ ಯಾರಿಗೂ ಬೇಡ. ನಾನು ಎಲ್ಲದಕ್ಕೂ ಹೆದರುವವಳು, ಕಡಿದಾದ ಆ ಮೆಟ್ಟಿಲಿಗೆ, ಸರೋವರದ ಗಾಳಿಗೆ, ಎದುರಿಂದ ಹಾರಿಬರುವ ಚೆಂಡಿಗೆ. ಆದರೆ ಈ ಕಿಟಕಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಅವರಿಬ್ಬರಿಗೂ ಎಪ್ಪತ್ತು ದಾಟಿದೆ. ಆ ಸಾಲು ಹೋದರೆ ಅವರು ಇನ್ನೆಲ್ಲಿ ಎದುರಾಗುತ್ತಾರೆ? ನನ್ನನ್ನು ಮಣ್ಣು ಮಾಡುವಾಗ, ಅದೂ ಆ ದಿನ ಪಂದ್ಯವಿಲ್ಲದಿದ್ದರೆ.

ಹೋದ ಭಾನುವಾರ ಮಧ್ಯಾಹ್ನ ನಡೆದದ್ದನ್ನು ತಮಗೆ ತಿಳಿಸಲೇಬೇಕು. ಏಳನೇ ಇನ್ನಿಂಗ್ಸಿನಲ್ಲಿ ಎಲ್ಲರೂ ಎದ್ದು ಕಾಲು ಸಡಿಲಿಸುವ ಹೊತ್ತಿಗೆ ನಾನು ಶೌಚಾಲಯಕ್ಕೆ ಹೋದೆ. ನಮ್ಮವರು ಎಂದಿನಂತೆ ಐದು ರನ್ ಹಿಂದಿದ್ದರು. ಹಿಂತಿರುಗಿ ಮೆಟ್ಟಿಲ ಮೇಲಿರುವಾಗ ರೂಡಿ ಜೇಬಿನಲ್ಲಿ ಕಾರಿನ ಕೀ ತಡಕಾಡಿ, ಮತ್ತೆ ಕೈ ತೆಗೆದದ್ದು ಕಾಣಿಸಿತು. ಖಾಲಿ ಅಂತಸ್ತಿನಲ್ಲಿ ಪಿಸುಮಾತೂ ಕೇಳಿಸುತ್ತದೆ, ಅದಕ್ಕೂ ತಮಗೇ ಧನ್ಯವಾದ.

"ಹೋಗೋದಾದ್ರೆ ಹೋಗು," ಎಂದ ಎಮಿಲ್, ಮೈದಾನದ ಕಡೆಗೆ. "ನಿಂಗೆ ಅಭ್ಯಾಸ ಇದೆಯಲ್ಲ."

"ಅವತ್ತು ಹೋಗೋಣ ಅಂದಿದ್ದು ಅಪ್ಪನೇ," ಎಂದ ರೂಡಿ. "ಕಾಲು ಊದ್ಕೊಂಡಿತ್ತು. ನಿನ್ನೆದುರು ಹೇಳಕ್ಕೆ ನಾಚ್ಕೆ ಅವ್ರಿಗೆ. ಟ್ರಾಫಿಕ್ ಅಂತ ಹೇಳು ಅಂದ್ರು."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ ನೀನು."

"ಹೇಳ್ಬೇಡ ಅಂದಿದ್ರು. ಗೆದ್ದಾಗ ಗದ್ದಲ ಅಲ್ಲಿವರ್ಗೂ ಕೇಳಿಸ್ತು. ಅಪ್ಪ ಕಾರಿನ ತಲೆ ಮೇಲೆ ಕೈ ಬಡ್ದು ನಕ್ರು, ಎಮಿಲ್. ಬಿಡು, ಎಮಿಲ್ ಒಬ್ಬನಾದ್ರೂ ನೋಡ್ದ ಅಂದ್ರು."

ಹಾಟ್‌ಡಾಗಿನವನು ಬಂದ. ಎಮಿಲ್ ಎರಡು ಕೊಂಡು, ಒಂದರ ಈರುಳ್ಳಿಯನ್ನು ನಿಧಾನವಾಗಿ ಒರೆಸಿ, ಕೈ ಚಾಚಿದ. ಸೊಂಟ ಹಿಡಿದುಕೊಂಡು ಕೈ ರೂಡಿಯವರೆಗೆ ಮುಟ್ಟದೆ ಹಾಟ್‌ಡಾಗನ್ನು ಅವರ ನಡುವಿನ ನನ್ನ ಖಾಲಿ ಕುರ್ಚಿಯ ಮೇಲೆ ಇಟ್ಟ. ಸಾಸಿವೆ ಕುರ್ಚಿಗೆ ಮೆತ್ತಿತು. ರೂಡಿ ಎತ್ತಿಕೊಂಡ. ನಾನು ಮಂಡಿ ನೋವಿನಲ್ಲೂ ಮೆಟ್ಟಿಲ ಮೇಲೆಯೇ ನಿಂತೆ, ಒಂಬತ್ತನೇ ಇನ್ನಿಂಗ್ಸ್ ಮುಗಿಯುವವರೆಗೆ. ಇಬ್ಬರೂ ಏಳಲಿಲ್ಲ. ನಾವು ಹನ್ನೊಂದು ರನ್ನುಗಳಿಂದ ಸೋತೆವು, ಅದಕ್ಕೆ ಅಭಿನಂದನೆಗಳು.

ಆದ್ದರಿಂದ ನನ್ನ ವಿನಂತಿಗಳನ್ನು ಹೀಗೆ ಮಂಡಿಸುತ್ತೇನೆ. ಇಡೀ ಮೇಲಂತಸ್ತನ್ನು ಕಿತ್ತರೂ ಇಪ್ಪತ್ತೆರಡನೇ ಸಾಲನ್ನು ಮಾತ್ರ ಗಾಳಿಯಲ್ಲಿ ಹಾಗೆಯೇ ಬಿಡಲು ಸಾಧ್ಯವೇ ಎಂದು ತಮ್ಮ ಎಂಜಿನಿಯರುಗಳನ್ನು ಕೇಳಬೇಕು. ಆಗದಿದ್ದರೆ ಒಂದು ವರ್ಷ ತಡೆಯಬೇಕು, ಆ ವರ್ಷವೂ ಈಗಿನಷ್ಟೇ ಶ್ರದ್ಧೆಯಿಂದ ಸೋಲಬೇಕು. ಅದೂ ಆಗದೆಂದು ನನಗೆ ಗೊತ್ತು. ಉಳಿದಿರುವುದು ಶನಿವಾರದ ಒಂದೇ ಪಂದ್ಯ, ಅವರಿಬ್ಬರ ನಡುವೆ ಉಳಿದಿರುವುದೂ ಒಂದೇ ಕುರ್ಚಿ.

ಆ ಕುರ್ಚಿ ನನ್ನದು, ಮಾನ್ಯರೇ. ನಾನು ಶನಿವಾರ ಬರುವುದಿಲ್ಲ; ನಡುವೆ ಕೈಯಿಲ್ಲದಿದ್ದರೆ ಹತ್ತಿರ ಸರಿಯುವುದು ಅವರ ಅಭ್ಯಾಸ. ಮಂಡಿ ನೋವೆಂದು ಹೇಳಿದ್ದೇನೆ, ಇಬ್ಬರೂ ನಂಬಿದ್ದಾರೆ. ಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತು, ಮೆಟ್ಟಿಲಲ್ಲಿ ಯಾರು ಯಾರ ತೋಳು ಹಿಡಿದರೋ ಎಂದು ಒಬ್ಬಳೇ ಹೆದರಿಕೊಳ್ಳುತ್ತೇನೆ.

ಇಳಿಯುತ್ತಿರುವ ಗೆರೆಯ ತುದಿಯಲ್ಲಿರುವ,
ತಮ್ಮ ವಿಶ್ವಾಸಿ,
ಅರ್ಲೀನ್ ಹ್ರಾಬೊವ್ಸ್ಕಿ

ತಾ.ಕ.: ಟಿಕೆಟ್ಟಿನ ಹಣವನ್ನು ಹಿಂತಿರುಗಿಸುವ ತೊಂದರೆ ಬೇಡ. ಮಾರಾಟವಾದ ಟಿಕೆಟ್ಟುಗಳನ್ನೆಲ್ಲ ಕೂಡಿ, ಬಾರದವರನ್ನೂ ಬಂದವರೆಂದೇ ಫಲಕದಲ್ಲಿ ತೋರಿಸುವುದು ತಮ್ಮ ಕ್ಲಬ್ಬಿನ ರೂಢಿಯೆಂದು ಕೇಳಿದ್ದೇನೆ. ಶನಿವಾರದ ಸಂಖ್ಯೆಯಲ್ಲಿ ದಯವಿಟ್ಟು ನನ್ನನ್ನೂ ಸೇರಿಸಿಕೊಳ್ಳಿ. ಈ ಒಂದು ಸಲ ಅದು ಸುಳ್ಳಾಗುವುದಿಲ್ಲ.