ಜ್ವರದ ರಾಜನನ್ನು ಬರೆದವರು ಯಾರು

ಸಿಂದಗಿಯಲ್ಲಿ ಡಾಕ್ಟರನಾಗಿದ್ದೆ. ನಿವೃತ್ತನಾದ ಮೇಲೆ ರೋಗಿಗಳು ಬರುವುದು ನಿಂತಿತು, ಪಂಚಾಯ್ತಿಗಳು ನಿಲ್ಲಲಿಲ್ಲ. ಜನ ಕೂತಲ್ಲಿ ಕೂರಲು ಬಿಡುವುದಿಲ್ಲ. ಈ ಸಲ ಮೋರಟಗಿಯಿಂದ ಕರೆ ಬಂತು.

ಅಲ್ಲಿ ಒಂದು ಹಳೆಯ ನಾಟಕವಿದೆ. ಅದರಲ್ಲಿ ರಾಜನಿಗೆ ಜ್ವರ ಬರುತ್ತದೆ. ಹೊಸ ಪರದೆಯ ಮೇಲೆ ಕವಿಯ ಹೆಸರು ಬರೆಸಬೇಕು. ಊರ ವೈದ್ಯರ ಮೊಮ್ಮಗ ನಮ್ಮಜ್ಜನದು ಎನ್ನುತ್ತಾನೆ. ಸಾಲಿ ಮಾಸ್ತರರ ಮೊಮ್ಮಗ ಅಲ್ಲ, ನಮ್ಮಜ್ಜನದು ಎನ್ನುತ್ತಾನೆ. ಪೇಂಟರ್ ಬ್ರಷ್ ಹಿಡಿದು ಕೂತಿದ್ದಾನೆ. ತೀರ್ಪು ನನ್ನದಂತೆ.

೧. ಚಳಿ

ವೈದ್ಯರ ಮೊಮ್ಮಗ ತನ್ನ ಮನೆಯ ಹಳೇ ಪ್ರತಿಯಿಂದ ರಾಜನ ಜ್ವರದ ಭಾಗ ಓದಿದ. ಮೊದಲು ಚಳಿ, ಆಮೇಲೆ ಸುಡು ಜ್ವರ, ಕೊನೆಗೆ ಬೆವರು. ಒಂದು ದಿನ ಬಿಟ್ಟು ಮತ್ತೆ ಚಳಿ. ಮಲೇರಿಯಾ. ಒಂದಕ್ಷರ ತಪ್ಪಿಲ್ಲ.

“ವೈದ್ಯ ಅಲ್ಲದವ ಇದನ್ನ ಹೆಂಗ ಬರೀತಾನ್ರಿ, ಸಾಹೇಬ್ರ?”

ಮಾಸ್ತರರ ಮೊಮ್ಮಗ ಎಲೆ ಅಡಿಕೆ ಜಗಿಯುತ್ತಿದ್ದ.

“ಜ್ವರ ಬಂದವ ಬರೀತಾನ.”

೨. ಕಷಾಯ

ನಾಟಕದ ರಾಜ ಕಷಾಯ ಕುಡಿದು ಎದ್ದು ಹಾಡುತ್ತಾನೆ. ಅದು ನಮ್ಮ ಮನೆಯ ಕಷಾಯವೇ ಎಂದ ವೈದ್ಯರ ಮೊಮ್ಮಗ.

“ನಿಮ್ಮಜ್ಜನ ಕಷಾಯ ಕುಡಿದು ಎದ್ದವ್ರು ಒಬ್ಬರನ್ನ ತೋರಿಸು,” ಎಂದ ಮಾಸ್ತರರ ಮೊಮ್ಮಗ.

ವೈದ್ಯರ ಮೊಮ್ಮಗ ಓಡಿಹೋಗಿ ಓಣಿಯ ಮುದುಕಿಯೊಬ್ಬಳನ್ನು ಕರೆತಂದ. “ಹೇಳಬೇ ಯವ್ವಾ, ನಿನಗ ನಮ್ಮಜ್ಜ ಕಷಾಯ ಕೊಟ್ಟಿದ್ದಿಲ್ಲ?”

“ಕೊಟ್ಟಿದ್ದನಪ್ಪಾ. ಹಿತ್ತಲಕ್ಕ ಚೆಲ್ಲಿದ್ನಿ. ಅದಕ್ಕ ಇನ್ನೂ ಅದೀನಿ.”

೩. ಡಾಕ್ಟರ್ ಸೀನ್

ಆಟ ನೋಡಿಯೇ ತೀರ್ಪು ಹೇಳಿ ಎಂದರು. ಮುಂದಿನ ಸಾಲಿನಲ್ಲಿ ಕೂತೆ. ರಾಜ ನಡುಗಿದ. ಜನ ಚಪ್ಪಾಳೆ ತಟ್ಟಿದರು. ಹಾಡು ಬಂದರೂ ನಡುಕ ನಿಲ್ಲಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು. ಇದು ಪಾರ್ಟಲ್ಲ ಅನ್ನಿಸಿತು. ರಂಗದ ಮೇಲೆ ಹತ್ತಿದೆ. ಕೈ ಮುಟ್ಟಿದರೆ ಕೆಂಡ.

“ಖರೇ ಜ್ವರ ಐತಿ. ಪರದಿ ಬಿಡ್ರಿ,” ಎಂದೆ.

“ಒನ್ಸ್ ಮೋರ್,” ಎಂದರು ಜನ. ಪರದೆ ಬೀಳಲಿಲ್ಲ. ನಾನೇ ಅವನ ಕಿರೀಟ ತೆಗೆದು, ಹೆಗಲು ಕೊಟ್ಟು ಇಳಿಸಿದೆ. ಅದಕ್ಕೂ ಒನ್ಸ್ ಮೋರ್.

ಮರುದಿನ ರಾಜನ ಮನೆಗೆ ಹೋದೆ. ರಕ್ತಪರೀಕ್ಷೆಯಲ್ಲಿ ಮಲೇರಿಯಾ ಬಂದಿತ್ತು. ಮಾತ್ರೆ ನುಂಗಿಸಿದೆ. ಜಗಳದ ಮೊಮ್ಮಕ್ಕಳಿಬ್ಬರೂ ಅಲ್ಲಿಗೇ ಬಂದರು. ನಾನು ರಂಗ ಹತ್ತಿದ್ದನ್ನು ಊರೆಲ್ಲ ಡಾಕ್ಟರ್ ಸೀನ್ ಎಂದು ಹೊಗಳುತ್ತಿತ್ತು.

“ಸಾಹೇಬ್ರ, ಡಾಕ್ಟರ್ ಬರೋ ಸೀನ್ ನಮ್ಮಜ್ಜಂದ್ರಿ. ಹಳೇ ಪ್ರತಿಯೊಳಗ ಐತಿ,” ಎಂದ ವೈದ್ಯರ ಮೊಮ್ಮಗ.

“ಸುಳ್ಳ್ರಿ. ನಮ್ಮ ಪ್ರತಿಯೊಳಗ ಐತಿ,” ಎಂದ ಇನ್ನೊಬ್ಬ.

ನನ್ನ ತೀರ್ಪು ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ ಯಾರ ಹೆಸರೂ ಬೇಡ ಎಂದೆ.

ಮೂಲೆಯಲ್ಲಿ ಕೌದಿ ಹೊದ್ದಿದ್ದ ರಾಜ ಮುಖ ಹೊರಗೆ ಹಾಕಿದ.

“ನನಗ ಜ್ವರ ಬರೂದು ನಿಮ್ಮಜ್ಜಂದಿರಿಗೆ ಅವಾಗ ಗೊತ್ತಿತ್ತಂದ್ರ, ಒಂದು ಮಾತು ನಮ್ಮನ್ಯಾಗ ಹೇಳಿ ಹೋಗಬಾರದಾಗಿತ್ತೇನ್ರಪಾ?”